ಟೌನ್‌ಹಾಲಿನ ಮೆಟ್ಟಿಲು, ಹಿತ್ತಲ ಸಂದಿ

ಕುಣಿಗಲ್ಲಿನಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ 'ನಮ್ಮೂರ ಇತಿಹಾಸ' ಅಂತ ನಾಲ್ಕು ಪುಟ ಬರೆದುಕೊಂಡು ಬನ್ನಿ ಎಂದಿದ್ದೆ. ಬಂದದ್ದು ಹೆಚ್ಚೂಕಡಿಮೆ ಒಂದೇ ಪ್ರಬಂಧ. ದೊಡ್ಡಕೆರೆ, ಕೆರೆಯ ಮೇಲಿನ ಜನಪದ ಹಾಡು, ಕುದುರೆ ಫಾರಂ, ಟಿಪ್ಪು, ಸೋಮೇಶ್ವರ ದೇವಸ್ಥಾನ, ಹುತ್ರಿದುರ್ಗ, ಎಡೆಯೂರು. ತಪ್ಪೇನಿಲ್ಲ, ಇವೆಲ್ಲ ಇರುವುದು ನಿಜ. ಆದರೆ ಅಷ್ಟೂ ಕಟ್ಟಿನಲ್ಲಿ ಪುರಸಭೆ ಅನ್ನೋ ಮಾತು ಒಂದೇ ಒಂದು ನೋಟ್‌ಬುಕ್ಕಿನಲ್ಲಿತ್ತು. ಬರೆದ ಹುಡುಗಿಯ ತಾಯಿ ಬೇರೊಂದು ಊರಿನಲ್ಲಿ ಪೌರಕಾರ್ಮಿಕರು. ಪುರಸಭೆಗೆ ಎರಡು ಬಾಗಿಲು, ನಮ್ಮಮ್ಮ ಹಿಂದಿನ ಬಾಗಿಲಲ್ಲಿ ಹೋಗ್ತಾರೆ, ಪೊರಕೆ ಮತ್ತು ತಳ್ಳೋಗಾಡಿ ಇರೋದು ಅಲ್ಲಿ ಎಂದು ನಾಲ್ಕು ಸಾಲು ಬರೆದಿದ್ದಳು. ನಾಲ್ಕು ಪುಟ ಕೇಳಿದರೆ ನಾಲ್ಕು ಸಾಲು ಬರೆದಿದ್ದಾಳಲ್ಲ ಅಂತ ಹತ್ತಕ್ಕೆ ಮೂರು ಅಂಕ ಹಾಕಿದೆ. ಈ ಲೇಖನ ಬರೆಯಲು ಕೂತಿರುವುದಕ್ಕೆ ಆ ಮೂರು ಅಂಕವೇ ಕಾರಣ.

ನಮ್ಮ ಹುಡುಗರಿಗೆ ಟೌನ್‌ಹಾಲ್ ಎಂದರೆ ಒಂದು ಸ್ಟಾಪು. ತುಮಕೂರಿಗೆ ಹೋದರೆ ಕಂಡಕ್ಟರು ಟೌನ್‌ಹಾಲ್ ಟೌನ್‌ಹಾಲ್ ಎಂದು ಕೂಗುತ್ತಾನೆ, ಇಳಿಯುತ್ತಾರೆ. ಆ ವೃತ್ತಕ್ಕೆ ಈಗ ಬಿಜಿಎಸ್ ವೃತ್ತ ಎಂಬ ಇನ್ನೊಂದು ಹೆಸರೂ ಇದೆ, ಜನ ಮಾತ್ರ ಹಳೆಯದನ್ನೇ ಅಂತಾರೆ. ಬೆಂಗಳೂರಿಗೆ ಹೋದರೆ ಅಲ್ಲೂ ಒಂದು ಟೌನ್‌ಹಾಲ್, ಮೈಸೂರಿಗೆ ಹೋದರೆ ಮತ್ತೊಂದು. ಹಳೇ ಮೈಸೂರು ಸೀಮೆಯ ಊರೊಂದು ತಾನು ಪಟ್ಟಣವಾದೆ ಎಂದು ಹೇಳಿಕೊಳ್ಳಲು ಕಟ್ಟಿಕೊಂಡದ್ದು ಇದನ್ನೇ. ಇವುಗಳ ಬಗ್ಗೆ ಪತ್ರಿಕೆಗಳಲ್ಲಿ, ಪರಂಪರೆ ಕಟ್ಟಡಗಳ ಪುಸ್ತಕಗಳಲ್ಲಿ ಬರುವ ಬರವಣಿಗೆಗೆ ಒಂದು ಸಿದ್ಧ ಶೈಲಿಯಿದೆ. ಅಡಿಗಲ್ಲು ಯಾರದು, ದಾನಿ ಯಾರು, ದಿವಾನರ ದೂರದೃಷ್ಟಿ ಎಂಥದು, ಕಂಬಗಳು ಯಾವ ಶೈಲಿಯವು. ಈ ಬರವಣಿಗೆ ಕಟ್ಟಡವನ್ನು ಮುಂದುಗಡೆಯಿಂದ ಮಾತ್ರ ನೋಡುತ್ತದೆ. ಫೋಟೋ ತೆಗೆಯುವವನು ನಿಲ್ಲುವ ಜಾಗದಲ್ಲಿ ಇತಿಹಾಸಕಾರನೂ ನಿಂತಿರುತ್ತಾನೆ.

ಬೆಂಗಳೂರಿನದನ್ನೇ ತೆಗೆದುಕೊಳ್ಳೋಣ. 1933ರ ಮಾರ್ಚ್ 6ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. 1935ರ ಸೆಪ್ಟೆಂಬರ್ 11ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಾಗಿಲು ತೆರೆದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ನಕ್ಷೆ ಬರೆದವರು ಎಸ್.ಎಚ್. ಲಕ್ಷ್ಮೀನರಸಪ್ಪ. ಪುರಸಭೆಯ ಅಧ್ಯಕ್ಷರಾಗಿದ್ದ, ದಾನಿಯೂ ಆಗಿದ್ದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರು ಅದಕ್ಕೆ. ಗ್ರೀಕ್ ರೋಮನ್ ರೀತಿಯ ಮುಖ: ಎದೆ ನಿಮಿರಿಸಿದ ಕಂಬಗಳ ಸಾಲು, ಮೇಲೆ ಹಣೆಪಟ್ಟಿಯಂತೆ ತ್ರಿಕೋನ, ಕೆಳಗೆ ಕಡಿದಾದ ಅಗಲವಾದ ಮೆಟ್ಟಿಲುಗಳು. ಒಳಗೆ ಸಾವಿರದಷ್ಟು ಜನ ಕೂರಬಹುದು. ಚೆನ್ನಾಗಿದೆ. ಚೆನ್ನಾಗಿಲ್ಲ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆ ಮೆಟ್ಟಿಲುಗಳು ಮನುಷ್ಯನಿಗೆ ಏನು ಮಾಡುತ್ತವೆ ಅನ್ನೋದನ್ನ ಗಮನಿಸಬೇಕು. ರಸ್ತೆಯಲ್ಲಿ ನಿಂತವನು ಕತ್ತೆತ್ತಬೇಕು, ಹತ್ತುವವನು ಏದುಸಿರು ಬಿಡಬೇಕು, ಮೇಲೆ ತಲುಪಿದವನು ತಿರುಗಿ ನೋಡಿದರೆ ಊರು ಕೆಳಗಿರಬೇಕು. ದೇವಸ್ಥಾನಕ್ಕೆ ಹತ್ತುವುದನ್ನು ಕಲಿಸಿದ ಸಮಾಜಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. (ಗ್ರೀಕರ ಸಭೆಗಳಲ್ಲೂ ಗುಲಾಮರು ಪೌರರಾಗಿರಲಿಲ್ಲ. ಕಂಬಗಳ ಜೊತೆಗೆ ಅದೂ ಬಂದಿರಬೇಕು.)

ಇಸವಿಗಳನ್ನು ಬರೆದುಕೊಳ್ಳುವಾಗ ಒಂದು ಕಾಕತಾಳೀಯ ಕಣ್ಣಿಗೆ ಬಿತ್ತು. ಈ ಕಟ್ಟಡಕ್ಕೆ ಅಡಿಗಲ್ಲಿಟ್ಟ 1933ರಲ್ಲೇ ಕಾರಂತರ 'ಚೋಮನ ದುಡಿ' ಬಂತು. ಬಾಗಿಲು ತೆರೆದ 1935ರಲ್ಲೇ ಮುಲ್ಕ್‌ರಾಜ್ ಆನಂದರ 'ಅನ್‌ಟಚಬಲ್' ಬಂತು. ಒಂದರಲ್ಲಿ ತುಂಡು ಭೂಮಿಗಾಗಿ ಹಂಬಲಿಸುವವನು, ಇನ್ನೊಂದರಲ್ಲಿ ಪಟ್ಟಣದ ಕಕ್ಕಸು ತೊಳೆಯುವ ಹುಡುಗ ಬಖಾ. ಕಾಕತಾಳೀಯದಿಂದ ಏನೂ ಸಿದ್ಧವಾಗುವುದಿಲ್ಲ, ಗೊತ್ತು. ಆದರೆ ನಮ್ಮ ವಿಮರ್ಶೆ ಚೋಮನ ಜೊತೆ ನಡೆಸಿದಷ್ಟು ಜಗಳವನ್ನು ಬಖಾನ ಜೊತೆ ನಡೆಸಿಲ್ಲ. ಯಾಕೆ ಎಂಬ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಮೈಸೂರಿನದು ಇನ್ನೂ ಹಳೆಯದು. ದಿವಾನ್ ರಂಗಾಚಾರ್ಲು 1883ರಲ್ಲಿ ತೀರಿಕೊಂಡರು, ಅವರ ನೆನಪಿಗೆ 1884ರಲ್ಲಿ ರಂಗಾಚಾರ್ಲು ಸ್ಮಾರಕ ಭವನ ಎದ್ದಿತು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದವರು ಅವರು. ಸಂಸ್ಥಾನದಲ್ಲಿ ಪ್ರಜಾಪ್ರಭುತ್ವದ ಮೊದಲ ಚಿಗುರು ಅಂತ ನಾವೂ ಪಾಠ ಮಾಡುತ್ತೇವೆ. ಮೊದಲ ಸಭೆಗೆ ಬಂದವರು 144 ಜನ, ಎಲ್ಲರೂ ಜಮೀನುದಾರರು, ವರ್ತಕರು. ಭೂಮಿಯಿದ್ದವನೇ ಪ್ರಜೆ, ಅವನ ಪ್ರತಿನಿಧಿಯೇ ಪ್ರತಿನಿಧಿ. ಈ ಮಾತನ್ನು ನಮ್ಮ ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಈಗ ಆ ಟೌನ್‌ಹಾಲಿನ ಆವರಣದಲ್ಲಿ ಅಂಬೇಡ್ಕರ್ ಪ್ರತಿಮೆಯಿದೆ. ಏಪ್ರಿಲ್ 14 ಮತ್ತು ಡಿಸೆಂಬರ್ 6ರಂದು ಜನ ಅಲ್ಲಿಗೆ ಹೋಗುವುದು ಪ್ರತಿಮೆಗಾಗಿ, ಭವನಕ್ಕಾಗಿ ಅಲ್ಲ. ಕಟ್ಟಡದ ಅರ್ಥವನ್ನು ಅದರ ಅಂಗಳ ಬದಲಾಯಿಸಿಬಿಟ್ಟಿದೆ. ಪರಂಪರೆಯ ಪುಸ್ತಕಗಳಿಗೆ ಈ ಬದಲಾವಣೆ ಇನ್ನೂ ಕಂಡ ಹಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮುಂಬಾಗಿಲಿನ ಕತೆ. ಪುರಸಭೆಗಳು ಕಟ್ಟಿದ್ದು ಟೌನ್‌ಹಾಲುಗಳನ್ನು ಮಾತ್ರವಲ್ಲ. ಅವು ಇನ್ನೊಂದನ್ನೂ ಕಟ್ಟಿದವು, ಅದಕ್ಕೆ ಅಡಿಗಲ್ಲು ಸಮಾರಂಭ ಇರಲಿಲ್ಲ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ಅಗಲವಾದ ರಸ್ತೆ, ಸಾಲುಮರ, ಪಾರ್ಕು, ಗಾಳಿ ಬೆಳಕಿನ ಮನೆ. ಇವೆಲ್ಲದರ ಜೊತೆಗೆ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಇಕ್ಕಟ್ಟಾದ ಸಂದಿ. ಕನ್ಸರ್ವೆನ್ಸಿ ಲೇನು. ಮನೆಯ ಕಕ್ಕಸು ಹಿತ್ತಲ ಕೊನೆಯಲ್ಲಿ, ಅದರ ಕಿಂಡಿ ಸಂದಿಯ ಕಡೆಗೆ. ಮಲ ಹೊರುವವನು ಸಂದಿಯಲ್ಲಿ ಬಂದು ಕಿಂಡಿಯಿಂದಲೇ ತಗಡಿನ ಡಬ್ಬ ಎಳೆದುಕೊಂಡು ಹೋಗಬೇಕು. ಮನೆಯವರು ಅವನನ್ನು ನೋಡುವ ಹಾಗಿಲ್ಲ, ಅವನು ಅಂಗಳ ತುಳಿಯುವ ಹಾಗಿಲ್ಲ.

ಇದನ್ನು ಯೋಚಿಸಿ ನಕ್ಷೆ ಮಾಡಿದ್ದಾರೆ, ತಾನಾಗಿ ಆದದ್ದಲ್ಲ. ಹಳ್ಳಿಯಲ್ಲಿ ಊರು ಮತ್ತು ಕೇರಿಯ ನಡುವೆ ಒಂದು ಬಯಲು ಇರುತ್ತಿತ್ತು, ಗಾಳಿಯ ದಿಕ್ಕು ನೋಡಿ ಕೇರಿ ಇರುತ್ತಿತ್ತು. ಪಟ್ಟಣದಲ್ಲಿ ಅಷ್ಟು ಜಾಗವಿಲ್ಲ. ಆದ್ದರಿಂದ ಬಯಲನ್ನು ಮಡಚಿ ಹತ್ತಡಿಯ ಸಂದಿ ಮಾಡಿದರು. ಅಸ್ಪೃಶ್ಯತೆ ಹಳ್ಳಿಯ ರೋಗ, ಪಟ್ಟಣಕ್ಕೆ ಬಂದರೆ ಕರಗುತ್ತದೆ ಎಂದು ನಂಬಿದವರಲ್ಲಿ ನಮ್ಮವರೂ ಇದ್ದರು, ಬಾಬಾಸಾಹೇಬರೇ ಹಳ್ಳಿ ಬಿಡಿ ಎಂದರಲ್ಲ. ಅವರು ಹೇಳಿದ್ದು ಸರಿಯೇ. ಆದರೆ ಪಟ್ಟಣ ನಮಗಿಂತ ಮೊದಲೇ ನಮಗಾಗಿ ದಾರಿ ಬೇರೆ ಮಾಡಿ ಇಟ್ಟಿತ್ತು. ಟೌನ್‌ಹಾಲಿನ ಮೆಟ್ಟಿಲು ಮತ್ತು ಹಿತ್ತಲ ಸಂದಿ ಒಂದೇ ಸಂಸ್ಥೆಯ ವಾಸ್ತುಶಿಲ್ಪ, ಒಂದೇ ಬಜೆಟ್ಟಿನ ಎರಡು ಬಾಬತ್ತು. ಮೊದಲನೆಯದನ್ನು ಪರಂಪರೆ ಎಂದು ಪಟ್ಟಿಗೆ ಸೇರಿಸಿ ಎರಡನೆಯದನ್ನು ಪಾರ್ಕಿಂಗಿಗೆ ಕೊಡುವ ಇತಿಹಾಸ ಅರ್ಧ ಇತಿಹಾಸ.

ಭಾಷೆಯನ್ನೇ ನೋಡಿ. ಟೌನ್‌ಹಾಲನ್ನು ಕನ್ನಡಿಗರು ಪುರಭವನ ಮಾಡಿಕೊಂಡರು. ಜಾಡಮಾಲಿ, ತೋಟಿ ಎಂದು ಕರೆಯುತ್ತಿದ್ದವರನ್ನು ಪೌರಕಾರ್ಮಿಕ ಮಾಡಿದರು. ಗೌರವ ಕೊಡುವ ಉದ್ದೇಶದಿಂದಲೇ ಮಾಡಿದ್ದು, ಅದನ್ನು ಗೇಲಿ ಮಾಡಬಾರದು. ಪುರ, ಪೌರ ಎರಡೂ ಒಂದೇ ಬೇರಿನವು. ವ್ಯಾಕರಣದ ಪ್ರಕಾರ ಪುರಭವನಕ್ಕೆ ಮೊದಲ ಹಕ್ಕುದಾರರು ಇವರೇ. ಇನ್ನೂ ಒಂದು ತೊಡಕಿದೆ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹಳ ಮಂದಿ ತೆಲುಗು ಮಾತಾಡುವ ದಲಿತರು. ಪುರಭವನದೊಳಗೆ ಕನ್ನಡದ ಹಬ್ಬ ನಡೆಯುವಾಗ ಹೊರಗೆ ಬೀದಿ ಗುಡಿಸುವವರ ನುಡಿಗೆ ಎರಡು ಪಟ್ಟು ಹೊರಗಿನ ಸ್ಥಾನ. ಕನ್ನಡದ ದಲಿತ ವಿಮರ್ಶೆ ಎಂದು ನಾವು ಹೇಳುವಾಗ ಆ 'ಕನ್ನಡದ' ಅನ್ನೋ ಪದ ಯಾರನ್ನು ಬಿಡುತ್ತದೆ ಎಂದೂ ಕೇಳಿಕೊಳ್ಳಬೇಕು.

ನನ್ನ ತಾತ ಒಂದು ಪುರಸಭೆಯಲ್ಲಿ ಜಾಡಮಾಲಿಯಾಗಿದ್ದರು. ಊರಿನ ಹೆಸರು ಬೇಡ, ಎಲ್ಲ ಊರಿನಲ್ಲೂ ಒಬ್ಬ ತಾತ ಇದ್ದಾರೆ. ಆ ಊರಿನ ಸಭಾಂಗಣದಲ್ಲಿ ನಾಟಕ, ಹರಿಕತೆ, ಸನ್ಮಾನ ನಡೆಯುತ್ತಿದ್ದವು. ತಾತ ಒಂದನ್ನೂ ನೋಡಿಲ್ಲ. ಮುಗಿದ ಮೇಲೆ ಒಳಗೆ ಹೋಗುತ್ತಿದ್ದರು. ಕಂಬದ ಬುಡದ ಗಾಡಿಯಲ್ಲಿ ಎಲೆಅಡಿಕೆ ಉಗುಳು ಹೇಗೆ ಕಟ್ಟುತ್ತೆ, ಅದನ್ನು ತೆಂಗಿನ ಚಿಪ್ಪಿನಿಂದ ಹೇಗೆ ಕೆರೀಬೇಕು, ಮೆಟ್ಟಿಲಿಗೆ ನೀರು ಹಾಕುವಾಗ ಮೇಲಿನಿಂದ ಯಾಕೆ ಶುರುಮಾಡಬೇಕು, ಹೆಂಚಿನ ಯಾವ ಮೂಲೆಯಲ್ಲಿ ಪಾರಿವಾಳ ಕೂರುತ್ತೆ ಎಂದು ನನಗೆ ಹೇಳುತ್ತಿದ್ದರು. "ಐವತ್ತಾರು ಕಿಟಕಿ ಕಣಪ್ಪ, ಒಂದೊಂದೂ ಒರೆಸಿದೀನಿ" ಅನ್ನುತ್ತಿದ್ದರು. ಎಂ.ಎ. ಓದುವಾಗ ಶಿಲ್ಪ, ವಾಸ್ತು, ಸೌಂದರ್ಯಮೀಮಾಂಸೆ ಅಂತೆಲ್ಲ ಕೇಳಿಸಿಕೊಂಡೆ. ಆ ಕಟ್ಟಡವನ್ನು ಅಂಗೈಯಿಂದ ಓದಿದ ಒಬ್ಬರೇ ಒಬ್ಬರು ತಾತ ಎಂಬುದು ಆಗಲೂ ಹೊಳೆಯಲಿಲ್ಲ.

ಈಗ ಬಸವಲಿಂಗಪ್ಪನವರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಎರಡು ವಾಸ್ತುಗಳೂ ಅವರ ಬದುಕಿನಲ್ಲಿ ಸೇರುತ್ತವೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ಗಲಾಟೆಯಾಯಿತು, ದಲಿತ ಹುಡುಗರು ಹಾಸ್ಟೆಲುಗಳಲ್ಲಿ, ಬೀದಿಗಳಲ್ಲಿ ಏಟು ತಿಂದರು, ಅವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ತಮ್ಮ ಸ್ಥಾನ ಕಳೆದುಕೊಂಡರು. ಕುವೆಂಪು ಅವರ ಪರ ನಿಂತರು. ಮುಂದೆ ದಲಿತ ಸಂಘರ್ಷ ಸಮಿತಿ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಈ ಕತೆ ನಮಗೆಲ್ಲ ಬಾಯಿಪಾಠ. ಈ ಸಂಚಿಕೆಯಲ್ಲೇ ಮತ್ತೆ ಯಾರಾದರೂ ಬರೆದಿರುತ್ತಾರೆ.

ಆದರೆ ಅದೇ ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ, ಅದನ್ನು ಮತ್ತೆ ಬಿಗಿಮಾಡಿದ್ದು 2013ರಲ್ಲಿ. ಇಪ್ಪತ್ತು ವರ್ಷ ಮೊದಲೇ ಇಲ್ಲೊಬ್ಬರು ಬುಟ್ಟಿ ಇಳಿಸಿ ಎಂದಿದ್ದರು. ಇದೂ ನಮಗೆ ಗೊತ್ತು, ಭಾಷಣದಲ್ಲಿ ಒಂದು ಸಾಲು ಹೇಳುತ್ತೇವೆ. ಆದರೆ ಚಳವಳಿಯ ಹುಟ್ಟನ್ನು ಎಣಿಸುವಾಗ ನಾವು ಬೂಸಾದಿಂದ ಎಣಿಸುತ್ತೇವೆ, ಬುಟ್ಟಿಯಿಂದ ಎಣಿಸುವುದಿಲ್ಲ. ಸಾಹಿತ್ಯದ ಬಗೆಗಿನ ಒಂದು ಮಾತು ಪ್ರಕರಣವಾಯಿತು, ಸಾವಿರಾರು ಜನರ ತಲೆಯ ಮೇಲಿನ ಭಾರದ ಬಗೆಗಿನ ಆದೇಶ ಬರೀ ಆಡಳಿತವಾಯಿತು. ಮೇಲ್ಜಾತಿಯವರು ಹಾಗೆ ನೆನಪಿಟ್ಟುಕೊಂಡರೆ ಸರಿ, ಅವರಿಗೆ ಉರಿದದ್ದು ಅಲ್ಲಿ. ನಾವು ಯಾಕೆ ಅವರ ಉರಿಯನ್ನೇ ನಮ್ಮ ಪಂಚಾಂಗ ಮಾಡಿಕೊಂಡೆವು?

ನಾವು ಓದಿದವರು, ಬರೆಯುವವರು, ಅದಕ್ಕೆ. ಬೂಸಾ ನಮ್ಮ ಜಗಳ. ಬುಟ್ಟಿ ನಮ್ಮ ಅಪ್ಪಂದಿರದು, ಅದನ್ನು ಬಿಟ್ಟು ಬರಲಿಕ್ಕೆಂದೇ ನಾವು ಓದಿದ್ದು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಚೋಮನ ಜೊತೆ ಜಗಳ ಸುಲಭ, ಅವನು ದೂರದ ಹೊಲದಲ್ಲಿದ್ದಾನೆ. ಬಖಾ ಮುನಿಸಿಪಾಲಿಟಿಯ ಬೀದಿಯಲ್ಲಿ ಎದುರಿಗೇ ಬರುತ್ತಾನೆ. ನಮ್ಮ ವಿಮರ್ಶೆಯ ರೂಪಕಗಳೆಲ್ಲ ಬಾವಿ, ಕೆರೆ, ಗುಡಿ, ಹೊಲ, ಹೋಟೆಲಿನ ಬೇರೆ ಲೋಟ. ಸಿದ್ಧಲಿಂಗಯ್ಯನವರ 'ಊರು ಕೇರಿ' ಮಂಚನಬೆಲೆಯಿಂದ ಹೊರಟು ಬೆಂಗಳೂರಿನ ಕೊಳೆಗೇರಿಗೆ ಬರುತ್ತದೆ. ಆತ್ಮಕತೆ ಪಟ್ಟಣಕ್ಕೆ ಬಂತು, ವಿಮರ್ಶೆ ಮಾತ್ರ ಮಂಚನಬೆಲೆಯಲ್ಲೇ ನಿಂತಿತು. ಮಲಯಾಳದಲ್ಲಿ ತಕಳಿಯವರು 1947ರಲ್ಲೇ 'ತೋಟ್ಟಿಯುಡೆ ಮಗನ್' ಬರೆದು ಆಲಪ್ಪುಳದ ಪುರಸಭೆಯನ್ನೇ ಕಾದಂಬರಿಯೊಳಗೆ ತಂದಿದ್ದರು. ನಮ್ಮಲ್ಲಿ ಪುರಸಭೆ ಇನ್ನೂ ಸಾಹಿತ್ಯದ ವಸ್ತುವಾಗಿಲ್ಲ, ಟೆಂಡರಿನ ವಸ್ತುವಾಗಿದೆ.

ಹಾಗೆ ನೋಡಿದರೆ ನಮ್ಮ ಮಹಾ ರೂಪಕವಾದ ಮಹಾಡ್ ಕೂಡ ಪುರಸಭೆಯ ಕತೆಯೇ. ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಮಹಾಡ್ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. ಎರಡರ ನಡುವಿನ ದೂರವನ್ನು 1927ರ ಮಾರ್ಚ್ 20ರಂದು ಬಾಬಾಸಾಹೇಬರು ನಡೆದು ತೋರಿಸಿದರು. ಪುರಸಭೆ ಅದೇ ಆಗಸ್ಟಿನಲ್ಲಿ ಠರಾವು ವಾಪಸು ತೆಗೆದುಕೊಂಡಿತು. ಹೈಕೋರ್ಟು ದಲಿತರ ಪರ ತೀರ್ಪು ಕೊಡುವಷ್ಟರಲ್ಲಿ 1937 ಬಂದಿತ್ತು. ಕುಣಿಗಲ್ ಕೆರೆಯ ಬಗ್ಗೆ ನನ್ನ ಹುಡುಗರು ಅಷ್ಟೆಲ್ಲ ಬರೆದಾಗ ಯಾವ ದಡದಲ್ಲಿ ಯಾರು ನೀರು ಮೊಗೆಯುತ್ತಿದ್ದರು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳು ಎಂದು ಹೇಳಿರಲಿಲ್ಲ.

ಮೆಟ್ಟಿಲಿಗೆ ವಾಪಸು ಬರೋಣ. ಬೆಂಗಳೂರಿನ ಟೌನ್‌ಹಾಲಿನ ಮೆಟ್ಟಿಲುಗಳು ಅವನ್ನು ಕಟ್ಟಿದವರು ಎಣಿಸದ ಒಂದು ಕೆಲಸಕ್ಕೆ ಒದಗಿದವು. ಒಳಗೆ ಹೋಗಬೇಕಾದರೆ ಬಾಡಿಗೆ ಕಟ್ಟಬೇಕು, ಮೆಟ್ಟಿಲಿಗೆ ಬಾಡಿಗೆ ಇಲ್ಲ. ಹೀಗಾಗಿ ಹತ್ತಿ ಒಳಗೆ ಹೋಗಲೆಂದು ಕಟ್ಟಿದ ಮೆಟ್ಟಿಲು ಹತ್ತದೆ ಕೂರುವವರ ಗ್ಯಾಲರಿಯಾಯಿತು. 2017ರ ಸೆಪ್ಟೆಂಬರಿನಲ್ಲಿ ಗೌರಿ ಲಂಕೇಶರ ಕೊಲೆಯಾದಾಗ ಜನ ಸೇರಿದ್ದು ಅಲ್ಲಿ. 2019ರ ಡಿಸೆಂಬರ್ 19ರಂದು ಪೊಲೀಸರು ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದದ್ದು ಅದರ ಎದುರಿನಿಂದ. ಆ ಕಟ್ಟಡಕ್ಕೆ ಯಾವುದಾದರೂ ವಾಸ್ತು ಸಾರ್ಥಕ್ಯ ಸಿಕ್ಕಿದ್ದರೆ ಆ ಮೆಟ್ಟಿಲುಗಳಲ್ಲಿ ಎಂದು ನನ್ನ ತೀರ್ಮಾನ. 2020ರ ಫೆಬ್ರುವರಿಯಲ್ಲಿ ಆಗಿನ ಬಿಬಿಎಂಪಿ ಅಲ್ಲಿ ಪ್ರತಿಭಟನೆ ಕೂಡದು ಎಂದು ನಿರ್ಣಯ ಮಾಡಿತು. ಬಾಡಿಗೆ ಆದಾಯ ಕಡಿಮೆಯಾಗುತ್ತಿದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಆಮೇಲೆ 2021ರ ಆದೇಶದಿಂದ ಪ್ರತಿಭಟನೆಗಳನ್ನೆಲ್ಲ ಫ್ರೀಡಂ ಪಾರ್ಕಿಗೆ ಸೇರಿಸಿದರು. ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲು.

ಇನ್ನು ಅಂಬೇಡ್ಕರ್ ಭವನಗಳು. ತಾಲ್ಲೂಕು, ಹೋಬಳಿ, ಹಳ್ಳಿಗಳಲ್ಲಿ ಸಮಾಜ ಕಲ್ಯಾಣ ಇಲಾಖೆ ಕಟ್ಟುತ್ತಾ ಬಂದಿದೆ. ನಮ್ಮವರ ಮದುವೆ, ನಾಮಕರಣ, ಸಭೆಗಳಿಗೆ ಜಾಗ ಸಿಕ್ಕಿದೆ, ಇದನ್ನು ಹಗುರವಾಗಿ ನೋಡುವವರಿಗೆ ಛತ್ರ ಸಿಗದ ಅನುಭವ ಇರಲಾರದು. ಆದರೂ ಒಂದು ಅಳುಕು. ಊರಿಗೆ ಪುರಭವನ, ನಮಗೆ ಅಂಬೇಡ್ಕರ್ ಭವನ ಎಂದು ಹಂಚಿಕೆಯಾಗಿಬಿಟ್ಟರೆ ಊರು ಕೇರಿಯ ನಕ್ಷೆಯನ್ನೇ ಸಿಮೆಂಟಿನಲ್ಲಿ ಮತ್ತೆ ಬರೆದ ಹಾಗಾಯಿತಲ್ಲ. ಸಂವಿಧಾನ ಬರೆದವರ ಹೆಸರಿನ ಭವನ ಇಡೀ ಊರಿನ ಭವನ ಆಗುವುದು ಯಾವಾಗ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಗೆಳೆಯರ ಜೊತೆ ಜಗಳ ನಡೆಯುತ್ತಲೇ ಇದೆ.

2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ವಾಸದ ಜಾಗದಿಂದ ಎಬ್ಬಿಸುವುದರ ವಿರುದ್ಧ ಪುರಸಭೆ ಕಚೇರಿಯ ಎದುರು ತಮ್ಮ ಮೈಮೇಲೆ ಮಲ ಸುರಿದುಕೊಂಡರು. ಅವರು ಇದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಬರಬೇಕಿತ್ತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಸಂದಿ ಮುಂಬಾಗಿಲಿಗೆ ಬಂತು, ಎರಡು ವಾಸ್ತುಗಳು ಮುಖಾಮುಖಿಯಾದವು ಎಂದೆಲ್ಲ ವಿಮರ್ಶೆಯ ಭಾಷೆಯಲ್ಲಿ ಬರೆಯಬಹುದು, ವಾಕ್ಯ ಚೆನ್ನಾಗಿಯೂ ಬರುತ್ತದೆ. ಆದರೆ ಅವರು ರೂಪಕ ಮಾಡಲಿಲ್ಲ. ಬೇರೆ ಭಾಷೆಯಲ್ಲಿ ಕೊಟ್ಟ ಅರ್ಜಿಗಳನ್ನು ಯಾರೂ ಓದದೆ ಇದ್ದದ್ದರಿಂದ ಮೈಯಲ್ಲಿ ಬರೆದರು. ತಲೆಯ ಮೇಲಿನ ಬುಟ್ಟಿ ಇಳಿಸಿ ಎಂಬ ಆದೇಶವಾಗಿ ಆಗಲೇ ಮೂರೂವರೆ ದಶಕ ಕಳೆದಿತ್ತು. ಈ ಘಟನೆ ಆದಾಗ ನಾನು ಶಾಲೆಯ ಹುಡುಗ. ಮನೆಯಲ್ಲಿ ಟಿವಿ ನೋಡುತ್ತಿದ್ದ ತಾತ ಎದ್ದು ಹೋಗಿ ಕೈಕಾಲು ತೊಳೆದುಕೊಂಡರು. ಆ ದಿನ ಮಾತಾಡಲಿಲ್ಲ.

ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದಿತು, ಸರ್ಕಾರ ಅದನ್ನು 700 ಮಾಡಿಕೊಂಡಿತು. ಆಮೇಲೆ ಗುತ್ತಿಗೆ ಪದ್ಧತಿ ಬಂತು, ಖಾಯಂ ಮಾಡಿ ಎಂಬ ಹೋರಾಟ ವರ್ಷಗಟ್ಟಲೆ ನಡೆಯಿತು. ದಲಿತ ವಿಮರ್ಶೆ ಓದಬೇಕಾದ ಪಠ್ಯಗಳ ಪಟ್ಟಿಯಲ್ಲಿ ಸಾಲಪ್ಪ ವರದಿಯನ್ನು ಸೇರಿಸಬೇಕು ಎಂದು ನಾನು ಒಂದು ವಿಚಾರಸಂಕಿರಣದಲ್ಲಿ ಅಂದಾಗ ಹಿರಿಯರೊಬ್ಬರು, ಅದು ಸಾಹಿತ್ಯವಲ್ಲವಲ್ಲಪ್ಪ ಎಂದರು. ನಮ್ಮವರೇ.

ಆ ಹುಡುಗಿಯನ್ನು ಕರೆದು ನೋಟ್‌ಬುಕ್ ವಾಪಸು ಕೊಟ್ಟು, ಅಂಕ ಹೊಡೆದುಹಾಕಿದ್ದೇನೆ, ಪೂರ್ತಿ ಬರೀಮ್ಮ ಎಂದೆ. ಒಂದು ವಾರಕ್ಕೆ ತಂದಳು, ಈ ಸಲ ಐದು ಪುಟ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಯ ಬಗ್ಗೆ ಬರೆದಿದ್ದಳು. ಅವತ್ತು ಅಮ್ಮ ಮುಂಬಾಗಿಲಿನಿಂದ ಹೋದರು. ಹೊಸ ಸೀರೆ, ಮೂರನೇ ಸಾಲಿನಲ್ಲಿ ಕುರ್ಚಿ, ಹೆಗಲಿಗೆ ಶಾಲು, ಫೋಟೋ. ಮ್ಯೂಸಿಕಲ್ ಚೇರಿನಲ್ಲಿ ಅಮ್ಮನಿಗೆ ಎರಡನೇ ಬಹುಮಾನ, ಒಂದು ಸ್ಟೀಲ್ ಡಬ್ಬಿ. ಊಟ ಆಯಿತು. ಗಣ್ಯರು ಹೋದರು. ಆಮೇಲೆ ಎಲೆ ಎತ್ತಿ, ಕುರ್ಚಿ ಒಂದರ ಮೇಲೊಂದು ಜೋಡಿಸಿ, ಹಾಲ್ ಗುಡಿಸಿ ಹೊರಗೆ ಬರುವಾಗ ಆರು ಗಂಟೆ. ಮುಂದಿನ ಬಾಗಿಲಿಗೆ ಅಷ್ಟೊತ್ತಿಗೆ ಬೀಗ ಹಾಕಿದ್ದರು.

ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: ಸರ್, ಆ ಹಾಲ್ ಕಟ್ಟಿದ ಇಸವಿ ಅಮ್ಮನಿಗೆ ಗೊತ್ತಿಲ್ಲವಂತೆ, ಕಿಟಕಿ ಎಷ್ಟು ಅಂತ ಬೇಕಾದರೆ ಹೇಳ್ತಾರಂತೆ, ಬರೀಲಾ?